ಸರ್ಜಾನ ಬಲಗೊಂಬು

ಭಾತಂಬ್ರಾದ ಹಾವಗೆಪ್ಪನಿಗೆ ಸ್ವಂತ ಸಾಧನೆ ಅಂತ ಏನೂ ಇರಲಿಲ್ಲ. ಇದ್ದ ಮರ್ಯಾದೆಯೆಲ್ಲ ಅವನ ಎತ್ತು ಸರ್ಜಾನ ತಲೆಯ ಮೇಲಿತ್ತು. ಉದ್ದನೆಯ ಆ ಕೊಂಬುಗಳನ್ನು ಗಾಜಿನ ಚೂರಿನಿಂದ ಹೆರೆದು, ಬಣ್ಣ ಬಳಿದು, ಪೋಳಾ ಹಬ್ಬದಲ್ಲಿ ಊರ ಎತ್ತುಗಳ ಸಾಲಿನ ಮುಂದೆ ನಡೆಸುತ್ತಿದ್ದ. ಎದೆ ಉಬ್ಬಿಸುತ್ತಿದ್ದವನು ಹಾವಗೆಪ್ಪ. ಸರ್ಜಾ ಪಾಪ, ಮೇವಿನ ಚಿಂತೆಯಲ್ಲಿರುತ್ತಿತ್ತು.

ನಿಜಾಮರ ಕಡೆಯ ರಜಾಕಾರರ ಹಾವಳಿಯ ವರ್ಷ ಸರ್ಜಾ ತಲೆಯನ್ನು ಬಲಕ್ಕೆ ವಾಲಿಸತೊಡಗಿತು. ಹಾವಗೆಪ್ಪ ಬಹಳ ವಿಚಾರ ಮಾಡಿ, ಎಡಗೊಂಬು ಹಗುರಾಗಿದೆ ಎಂದು ತೀರ್ಮಾನಿಸಿ, ಅದರ ತುದಿಗೆ ಭಾರದ ಹಿತ್ತಾಳೆ ಕೋಡಣಸು ತೊಡಿಸಿದ. ತಕ್ಕಡಿಗೆ ಒಪ್ಪುವ ಉಪಾಯ ಎತ್ತಿಗೆ ಒಪ್ಪಲಿಲ್ಲ. ಹೆಂಡತಿ ಅನುಸೂಯಾಬಾಯಿ ಹಟ ಹಿಡಿದು ಭಾಲ್ಕಿಯ ದನದ ಡಾಕ್ಟರ್ ಅಬ್ದುಲ ಅಜೀಜರನ್ನು ಕರೆಸಿದಳು. ಅವರು ಬಲಗೊಂಬನ್ನು ತಟ್ಟಿ, ಬುಡ ಒತ್ತಿದರು. ಸರ್ಜಾ ನೋವಿಗೆ ಒದರಿತು.

“ಕೊಂಬಿನ ಕ್ಯಾನ್ಸರ್ ಅದರಿ. ಬುಡಕ್ಕ ಕೊಯ್ದು ತಗದ್ರ ಜೀವ ಉಳೀತದ.”

“ಪೋಳಾ ಹತ್ತರ ಬಂದದರಿ,” ಎಂದ ಹಾವಗೆಪ್ಪ. “ಅದು ಮುಗೀಲಿ.”

ಡಾಕ್ಟರು ಹೋದ ಮೇಲೆ, ಕೊಯ್ಯಿಸದಿದ್ದುದಕ್ಕೆ ಊರಿಗೊಂದು ಕಾರಣ ಹೇಳಬೇಕಾಯಿತು. ಒಣಜಂಬ ಎಂದು ಹೇಳಲಾದೀತೇ? ಆ ಕಾಲದಲ್ಲಿ ಒಂದು ಕಾರಣ ಎಲ್ಲರ ನಾಲಿಗೆಗೂ ಸುಲಭವಾಗಿ ಸಿಗುತ್ತಿತ್ತು.

“ಅಂವಾ ರಜಾಕಾರರ ಮನಷ್ಯಾ ಇದ್ದಾನರಿ. ಎತ್ತಿನ ಕೊಂಬು ತಗದು ನಮ್ಮ ಮಾನಾ ಕಳೀಬೇಕಂತ ಬಂದಿದ್ದ,” ಎಂದು ಚಾವಡಿಯಲ್ಲಿ ಪಿಸುಗುಟ್ಟಿದ. ಊರು ಪುರಾವೆ ಕೇಳಲಿಲ್ಲ.

ಪೋಳಾದಲ್ಲಿ ಸರ್ಜಾ ಓಲಾಡುತ್ತಲೇ ಮುಂದೆ ನಡೆಯಿತು. ಆಮೇಲೆ ಕೆಲವೇ ದಿನಗಳಲ್ಲಿ ಭಾರತದ ಸೇನೆ ಬಂದು, ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಹೋಯಿತು. ಸರ್ಜಾನ ಮೂಗಿನಿಂದ ರಕ್ತ ಸೋರತೊಡಗಿತು. ಹಾವಗೆಪ್ಪನ ನಿದ್ದೆಗೆಡಿಸಿದ್ದು ಎರಡನೆಯದು. ಎತ್ತನ್ನು ಹೊಡೆದುಕೊಂಡು ಭಾಲ್ಕಿಗೆ ಹೋಗಿ, ಡಾಕ್ಟರರ ಮುಚ್ಚಿದ ಬಾಗಿಲು ಬಡಿದ. ರಜಾಕಾರರ ಕಡೆಯವರೆಂಬ ಗುಮಾನಿ ಬಿದ್ದವರ ಮನೆಗೆ ಮಂದಿ ಗುಂಪುಗಟ್ಟಿ ನುಗ್ಗುತ್ತಿದ್ದ ದಿನಗಳವು.

“ಎತ್ತು ತಂದೀರೇನ್ರಿ, ಮಂದಿನ್ನ ತಂದೀರೇನ್ರಿ?” ಒಳಗಿನಿಂದ ಡಾಕ್ಟರರ ದನಿ ಬಂತು.

“ಎತ್ತು ಅಷ್ಟೇ ಅದರಿ.”

ಬಾಗಿಲು ತೆರೆಯಿತು. ಡಾಕ್ಟರು ಕೊಂಬು ಕೊಯ್ದು, ಗಾಯಕ್ಕೆ ಪಟ್ಟಿ ಕಟ್ಟಿದರು. ಹಾವಗೆಪ್ಪ ಸರ್ಜಾನ ಕುತ್ತಿಗೆ ತಬ್ಬಿಕೊಂಡು ಅತ್ತ. ಎತ್ತು ಬದುಕಿತು.

ಊರಿನವರು ಮಾತ್ರ ಒಂಟಿ ಕೊಂಬು ನೋಡಿ, ಸರ್ಜಾ ಯಾವನೋ ರಜಾಕಾರನನ್ನು ತಿವಿದು ಇನ್ನೊಂದನ್ನು ಮುರಿದುಕೊಂಡಿತೆಂದು ಕಥೆ ಕಟ್ಟಿ, ಹಾರ ಹಾಕಿದರು. ಡಾಕ್ಟರು ಕೊಯ್ದು ಉಳಿಸಿದರೆಂದು ಹಾವಗೆಪ್ಪ ಹೇಳಿದರೆ ನಕ್ಕುಬಿಟ್ಟರು. ಅವನು ಅಪರೂಪಕ್ಕೆ ಆಡಿದ ನಿಜಕ್ಕೆ ಗಿರಾಕಿ ಸಿಗಲಿಲ್ಲ.

ಮರುವರ್ಷ ನೆರೆಯ ಹಣಮಂತಪ್ಪನ ಎತ್ತೂ ತಲೆ ವಾಲಿಸಿತು. ಹಾವಗೆಪ್ಪ ಓಡಿಹೋಗಿ ಕೈಮುಗಿದ.

“ಅಜೀಜ ಡಾಕ್ಟರ್ ಕಡಿ ಒಯ್ರಿ. ಇವತ್ತೇ ಒಯ್ರಿ.”

“ಅಂವಾ ಎಂಥಾ ಮನಷ್ಯಾ ಅಂತ ನೀವೇ ಹೇಳೀರಲ್ಲರಿ,” ಎಂದ ಹಣಮಂತಪ್ಪ.

ಆ ಎತ್ತು ಎಳ್ಳಮಾವಾಸ್ಯೆಗೆ ಮೊದಲೇ ಸತ್ತಿತು. ಗುಂಡಿ ತೋಡಲು ಹಾವಗೆಪ್ಪನೂ ಹೋದ.