ಅತ್ತೆಯ ಮುಂದೆ ಪರೀಕ್ಷೆಗೆ ಕೂತ ಡೆಸ್ಕ್‌ಟಾಪ್

ಹಳೆಯ ಲ್ಯಾಪ್‌ಟಾಪ್ ಒರೆಸುತ್ತಿದ್ದೆ. ಎಂಟರ್ ಕೀಲಿಯ ಅಂಚಿನ ಅರಿಶಿನದ ಕಲೆ ಈ ಸಲವೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅದನ್ನು ಜೋರಾಗಿ ತಿಕ್ಕುವುದಿಲ್ಲ. ಅದು ನಮ್ಮ ಶಾಂತತ್ತೆಯ ಬೆರಳಿನದು.

ಕೆಲವು ವರ್ಷಗಳ ಹಿಂದೆ ನನಗೊಂದು ಹುಚ್ಚು ಹಿಡಿದಿತ್ತು. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ ಇದೆಯಲ್ಲ, ಅದನ್ನು ಹಾಕಿದ ಕೂಡಲೇ ಬರುವ ಡೆಸ್ಕ್‌ಟಾಪ್ ಎಂಬ ಮೊದಲ ಪರದೆ ನಮ್ಮಂಥ ಜನಕ್ಕೆ ತಿಳಿಯುತ್ತದೋ ಇಲ್ಲವೋ ನೋಡಿ, ಕಟ್ಟಿದವರಿಗೆ ಬರೆದು ತಿಳಿಸುವ ಹುಚ್ಚು. ನಿಯಮ ಒಂದೇ: ಪಕ್ಕದಲ್ಲಿ ಕೂರಬೇಕು, ಹೇಳಿಕೊಡಲು ಬಾಯಿ ಬಿಡಬಾರದು. ಆಂಧ್ರದ ಗಡಿಯ ನಮ್ಮ ಆದೋನಿಯ ನೆಂಟರ ಮನೆಗಳನ್ನೆಲ್ಲ ಸುತ್ತಿದೆ, ಹತ್ತಿರದ ಕೌತಾಳಂಗೂ ಬಸ್ಸು ಹತ್ತಿದೆ. ಎಲ್ಲರೂ ತಡಕಾಡಿದರು, ಬೆವರಿದರು, ಕೊನೆಗೆ "ಬಾಗೈತ್ರಿ" ಅಂದು ಚಹಾ ಕೊಟ್ಟರು. ಮನೆಗೆ ಬಂದವನು ತಂದದ್ದನ್ನು ಚೆನ್ನಾಗಿಲ್ಲ ಅನ್ನುವುದು ನಮ್ಮ ಕಡೆ ಉಂಟೇ? ನನ್ನ ವರದಿಗಳು ಮದುವೆ ಊಟದ ಹೊಗಳಿಕೆಯಂತಿದ್ದವು.

ಶಾಂತತ್ತೆ ನಮ್ಮಪ್ಪನ ತಂಗಿ, ಹತ್ತಿ ವ್ಯಾಪಾರಸ್ಥರ ಮನೆಯ ಸೊಸೆ. ಆಗ ಅವಳ ಮೊಮ್ಮಗಳ ಮದುವೆ ಹತ್ತಿರವಿತ್ತು. ಅರಿಶಿನ ಹಚ್ಚುವಾಗ ಹೇಳುವ, ತನ್ನ ಅವ್ವನಿಂದ ಕಲಿತ ಹಾಡು ಅವಳೊಬ್ಬಳಿಗೇ ಬರುತ್ತಿತ್ತು. ಅದೂ ಸಾಲು ಸಾಲಾಗಿ ಮರೆತುಹೋಗುತ್ತಿತ್ತು. ಕೈನಡುಕಕ್ಕೆ ಪೆನ್ನು ನಿಲ್ಲುತ್ತಿರಲಿಲ್ಲ.

"ನಾ ಮರಿಯೂದರಾಗ ಇದರಾಗ ಹಾಕ್ತೀನಿ ತಮ್ಮಾ," ಎಂದು, ಬಂದ ಹೆಂಗಸರಿಗೆ ಅರಿಶಿನ ಕುಂಕುಮ ಕೊಟ್ಟ ಕೈಯಲ್ಲೇ ಕೂತಳು.

ಒಂದೇ ಬೆರಳಿನಲ್ಲಿ ಮಧ್ಯಾಹ್ನವೆಲ್ಲ ಕುಟ್ಟಿದಳು. ಹೇಗೋ ಹಾಡನ್ನು ಉಳಿಸಿ, ಕಡತ ಮುಚ್ಚಿದಳು. ಪರದೆ ಬರಿದಾಯಿತು. ಹಾಡು ಎಲ್ಲಿ? ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. ಕಣ್ಣು ತುಂಬಿ ಬಂತು. ನಾನೋ ನಿಯಮದ ಮನುಷ್ಯ, "ಹೆಂಗೈತತ್ತಿ?" ಅಂದೆ.

"ಚೊಲೊ ಐತಪ್ಪಾ," ಅಂದಳು, ಸೆರಗಿನಲ್ಲಿ ಕಣ್ಣೊರೆಸುತ್ತ.

ನನಗೆ ತಡೆಯಲಾಗಲಿಲ್ಲ. "ಅತ್ತಿ, ಇದನ್ನ ನಾ ಮಾಡಿಲ್ಲ. ಎಲ್ಲೋ ಇರೋ ಮಂದಿ ಮಾಡ್ಯಾರ."

"ಹಂಗಂತ ಮೊದಲ ಹೇಳಬಾರದೇನು!" ಅತ್ತೆಯ ಬಾಯಿ ಬಿಚ್ಚಿತು. "ಇದೇನು ಪರದಿನೋ, ಸುಣ್ಣ ಹೊಡದ ಗ್ವಾಡಿನೋ? ಅಂಗಡ್ಯಾಗ ಯಾಪಾರ ಮುಗಿಯೂ ತನಕ ಮಾದರಿ ಹತ್ತಿ ಕಣ್ಣಮುಂದ ಇಟ್ಟಿರ್ತಾರ. ಇವರು ನಮ್ಮವ್ವನ ಹಾಡು ಎಲ್ಲಿ ಬಚ್ಚಿಟ್ರು?"

ನಿಯಮ ಗಾಳಿಗೆ ಬಿಟ್ಟು ಹಾಡು ಹುಡುಕಿ ತೆರೆದೆ. ಅವಳು ಪರದೆಯನ್ನು ಮಗುವಿನ ಕೆನ್ನೆಯಂತೆ ಸವರಿದಳು.

ಆ ಬೈಗುಳವನ್ನು, ಒಂದೆರಡು ಮಾತು ಬಿಟ್ಟು, ಹಾಗೆಯೇ ಬರೆದು ಕಳಿಸಿದೆ. ಕಟ್ಟಿದವರು ಅತ್ತೆಗೆ ಕೃತಜ್ಞತೆ ಹೇಳಿ, ಇನ್ನೂ ಇದ್ದರೆ ಬೈಯಲಿ ಎಂದು ಉತ್ತರಿಸಿದರು! ಮುಖ ನೋಡದವರು ನಮ್ಮತ್ತೆಯ ಮಾತಿಗೆ ಕಿವಿಗೊಟ್ಟದ್ದನ್ನು ನೆನೆದರೆ ಇವತ್ತಿಗೂ ಎದೆ ತುಂಬುತ್ತದೆ. ಮದುವೆಯಲ್ಲಿ ಅತ್ತೆ ಹಾಡನ್ನು ನಾನು ತೋರಿಸಿಕೊಟ್ಟಂತೆ ತಾನೇ ತೆರೆದು, ಒಂದು ಸಾಲೂ ಬಿಡದೆ ಹಾಡಿದಳು.

ಈಗ ಬಂದಿರುವ ಆ ಡೆಸ್ಕ್‌ಟಾಪಿನ ಹೊಸ ಆವೃತ್ತಿಯಲ್ಲಿ, ಕೊನೆಗೆ ಬರೆದದ್ದು ಎದುರಿಗೇ ಕಾಣುತ್ತದೆ. ಅದನ್ನು ಕಟ್ಟುವುದರಲ್ಲಿ ನನ್ನದೂ ಅಳಿಲು ಸೇವೆಯಿದೆ. ಒರೆಸಿದ ಲ್ಯಾಪ್‌ಟಾಪ್ ಹಿಡಿದು ಅತ್ತೆಯ ಮನೆಗೆ ಹೋದೆ.

"ಇದು ಮಂದಿದೋ, ನಿಂದೋ?"

"ಇದನ್ನ ನಾನೂ ಮಾಡೀನತ್ತಿ."

ಒಂದೇ ಸಲಕ್ಕೆ ಹಾಡು ತೆರೆದಳು. ಕಣ್ಣು ಕಿರಿದು ಮಾಡಿದಳು. "ಅಕ್ಷರ ಯಾಕ ಇಷ್ಟು ಸಣ್ಣವು? ನಿನ್ನ ತಲಿ!"

"ನಾ ಮಾಡೀನಿ ಅಂದ್ರೂ ಬೈತೀಯಲ್ಲ?"

"ನಿನಗಲ್ದ ಇನ್ಯಾರಿಗೆ ಬೈಲಿ?"

ಅವಳ ಬೆರಳಲ್ಲಿ ಇವತ್ತೂ ಅರಿಶಿನವಿತ್ತು. ನಾನು ಲ್ಯಾಪ್‌ಟಾಪನ್ನು ಅವಳ ಹತ್ತಿರಕ್ಕೆ ಸರಿಸಿದೆ.