ಟವೆಲ್ಲಿನ ಕೆಳಗೆ ಆದ ಮಾತು

ಹೋದ ವಾರ ನಮ್ಮ ಹಳೆಯ ಮೋಟಾರ್ ಸೈಕಲ್ ನೋಡಲು ಮೋಟೆಬೆನ್ನೂರಿನಿಂದ ಒಬ್ಬರು ಬಂದಿದ್ದರು. ಮನೆ ಮನೆಗೆ ಹಾಲು ಹಾಕುವವರು. ಎರಡೂ ಬದಿಗೆ ಕ್ಯಾನು ಕಟ್ಟಲು ಗಟ್ಟಿ ಗಾಡಿ ಬೇಕಾಗಿತ್ತಂತೆ. ಅವರ ಜೊತೆ ಬಂದ ಮೆಕ್ಯಾನಿಕ್ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಹೆಡ್‌ಲೈಟ್ ಬಿಚ್ಚಿದ. ವೈರುಗಳ ಹಿಂದೆ, ಹ್ಯಾಂಡಲ್ಲಿನ ಕೊರಳಿರುವ ಕಡೆ ಕೈ ಹಾಕಿ ಏನನ್ನೋ ಎಳೆದು ನೋಡಿದ.

"ಅಕ್ಕಾರ, ಇದಕ್ಕ ದಾರ ಕಟ್ಟೀರಲ್ರೀ? ಗಾಡಿ ಹರಕೊಂಡ ಓಡಿ ಹೊಕ್ಕಿತ್ತೇನು?" ಎಂದು ನಕ್ಕ.

ಬಗ್ಗಿ ನೋಡಿದೆ. ಕಪ್ಪು ಉಣ್ಣೆಯ ದಾರ. ಇಷ್ಟು ವರ್ಷಗಳ ಎಣ್ಣೆ, ಧೂಳು ಕುಡಿದು ಚರ್ಮದ ಬಾರಿನ ಹಾಗೆ ಬಿರುಸಾಗಿತ್ತು. ಅದು ಅಲ್ಲಿದೆ ಎನ್ನುವುದನ್ನೇ ನಾನು ಮರೆತಿದ್ದೆ. ಗಂಟು ಮಾತ್ರ ಹಾಕಿದವರು ಹಾಕಿದ ಹಾಗೇ ಇತ್ತು...

ಹಾಕಿದವರು ನಮ್ಮ ಪಕ್ಕದ ಮನೆಯ ದಲಾಲಿ ಕಾಕಾ. ಬ್ಯಾಡಗಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಬ್ಯಾಡಗಿಯಲ್ಲಿ ದಲಾಲಿ ಅಂದರೆ ಯಾರೇ ಆಗಲಿ ಮೆಣಸಿನಕಾಯಿಯದೇ ಅಂದುಕೊಳ್ಳುತ್ತಾರೆ. ಆದರೆ ಕಾಕಾ ದನದ ದಲಾಲಿ. ಹಾವೇರಿಯ ಸಂತೆ, ರಾಣೆಬೆನ್ನೂರಿನ ಸಂತೆ ಎಂದು ವಾರದಲ್ಲಿ ಎರಡು ದಿನ ಹೊತ್ತು ಮೂಡುವ ಮೊದಲೇ ಹೊರಟುಬಿಡುತ್ತಿದ್ದರು. ಉಳಿದ ದಿನ ಕಟ್ಟೆಯ ಮೇಲೆ ಕೂತು ಬೀದಿಯಲ್ಲಿ ಹೋಗುವ ಎತ್ತುಗಳ ನಡಿಗೆ ನೋಡುವುದು. ಹೆಗಲ ಮೇಲೆ ಕೆಂಪಂಚಿನ ಒಂದು ಟವೆಲ್. ಅದರಿಂದ ಬೆವರು ಒರೆಸಿದ್ದನ್ನು ನಾನು ಕಂಡಿಲ್ಲ. ಬೆವರಿಗೆ ಬೇರೆಯದೇ ಒಂದು ಇತ್ತು. ಕೆಂಪಂಚಿನದು ವ್ಯಾಪಾರದ್ದು. ಅದರ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಚುಕಿ ಎತ್ತಿನ ಬೆಲೆ ಮಾತಾಡುವುದು. ಸುತ್ತ ನೂರು ಜನ ನಿಂತಿದ್ದರೂ ಟವೆಲ್ ಅಲುಗುವುದು ಕಾಣುತ್ತದೆಯೇ ಹೊರತು ಬೆಲೆ ಯಾರಿಗೂ ಕಾಣುವುದಿಲ್ಲ.

ನಾನು ಹೇಳುತ್ತಿರುವುದು ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷಗಳ ಮಾತು. ಟ್ರ್ಯಾಕ್ಟರುಗಳು ಬಂದು ಸಂತೆ ಸಣ್ಣದಾಗಿತ್ತು. ಕಾಕಾ ಕಟ್ಟೆಯ ಮೇಲೆ ಕೂರುವ ದಿನಗಳು ಹೆಚ್ಚಾಗಿದ್ದವು. ನಮ್ಮ ಮನೆಯವರು ರಾಣೆಬೆನ್ನೂರಿನ ಒಂದು ಹತ್ತಿ ಜಿನ್ನಿನಲ್ಲಿ ತೂಕದ ಕೆಲಸಕ್ಕಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತಿತ್ತು. ವಾರದಲ್ಲಿ ಮೂರು ನಾಲ್ಕು ರಾತ್ರಿ ಜಿನ್ನಿನಲ್ಲೇ ಹತ್ತಿಯ ಅಂಡಿಗೆಯ ಮೇಲೆ ಮಲಗುತ್ತಿದ್ದರು. ನಮ್ಮ ಮಗಳಿಗೆ ಆಗ ಎರಡೂವರೆ ವರ್ಷ. ಒಂದು ಸಲ ಅವರು ನಾಲ್ಕು ದಿನ ಬಿಟ್ಟು ಬಂದಾಗ ಅದು ಬಾಗಿಲ ಹಿಂದೆ ಸರಿದು, "ಅವ್ವಾ, ಯಾರೋ ಬಂದಾರ" ಅಂದಿತು. ಅವರು ನಕ್ಕರು. ಊಟಕ್ಕೆ ಕೂತಾಗ ಮಾತ್ರ ಮೊದಲ ತುತ್ತು ಬಹಳ ಹೊತ್ತು ಕೈಯಲ್ಲೇ ಇತ್ತು.

ಅಂದೇ ನಾನು ಮೋಟಾರ್ ಸೈಕಲ್ ಕೊಳ್ಳಬೇಕೆಂದು ಹಟ ಹಿಡಿದೆ. ನನ್ನ ಹೊಲಿಗೆಯ ದುಡ್ಡು, ಭಿಶಿ ಚೀಟಿಯಲ್ಲಿ ಎತ್ತಿದ ದುಡ್ಡು, ಅವರು ಜಿನ್ನಿನಲ್ಲಿ ಮುಂಗಡ ತೆಗೆದದ್ದು ಎಲ್ಲ ಸೇರಿಸಿದರೂ ಬೋರ್ಡಿನ ಮೇಲಿನ ಬೆಲೆಗೆ ಮೂರು ಸಾವಿರ ಕಡಿಮೆ ಬೀಳುತ್ತಿತ್ತು. ಸಾಲ ಅಂದರೆ ಅವರಿಗೆ ಮೈಯುರಿ. "ಬೆಲೆ ಇಳಿಸಿಕೊಂಡರೆ ಗಾಡಿ, ಇಲ್ಲದಿದ್ದರೆ ಮುಂದಿನ ವರ್ಷ" ಎಂದುಬಿಟ್ಟರು. ಮಾತಾಡಲು ನಮಗಿಬ್ಬರಿಗೂ ಬಾಯಿಲ್ಲ. ಗೋಡೆಯಾಚೆ ಕಾಕಾನ ಕೆಮ್ಮು ಕೇಳಿಸಿತು. ನಾನು ಎದ್ದು ಹೋಗಿ, ಬೆಲೆ ಮಾತಾಡಲು ಬರುತ್ತೀರಾ ಎಂದು ಕೇಳಿದೆ.

"ಮೋಟಾರಿಗೆ ದನದ ದಲಾಲಿನ ಕರಕೊಂಡ ಹೋಗೂದೇನು? ಮಂದಿ ನಗ್ತಾರ" ಎಂದರು ನಮ್ಮವರು.

ಗೋಡೆಯಾಚೆಯಿಂದಲೇ ಉತ್ತರ ಬಂತು: "ನಗಲಿ ಬಿಡೋ. ನಗೂ ಮನಶ್ಯಾ ರೊಕ್ಕ ಕಡಿಮಿ ಹಿಡೀತಾನ."

ರಾಣೆಬೆನ್ನೂರಿನ ಶೋರೂಮಿನಲ್ಲಿ ಹತ್ತು ಹನ್ನೆರಡು ಗಾಡಿಗಳು ಸಾಲಾಗಿ ನಿಂತಿದ್ದವು. ಕಾಕಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಒಂದೊಂದರ ಹಿಂದೆಯೂ ನಡೆದು, ಸೀಟನ್ನು ಎತ್ತಿನ ಬೆನ್ನು ಒತ್ತಿದ ಹಾಗೆ ಒತ್ತಿ, ಟ್ಯಾಂಕಿನ ಮೇಲೆ ಅಂಗೈ ಬಡಿದು ನೋಡಿದರು.

"ಹಲ್ಲೂ ನೋಡ್ರಿ ಕಾಕಾ" ಎಂದು ನಮ್ಮವರು ಚುಚ್ಚಿದರು.

"ಹಲ್ಲ ಎಲ್ಲೈತೋ ಇದಕ್ಕ? ಇದು ಮೇಯೂದಲ್ಲ, ಬರೇ ಕುಡಿಯೂದು. ಎಷ್ಟ ಕುಡೀತೈತಿ ಅದನ್ನ ಕೇಳು."

ಮ್ಯಾನೇಜರ್ ಟೈ ಕಟ್ಟಿದ, ಮೃದು ಮಾತಿನ ತರುಣ. ಎಲ್ಲ ಗಾಡಿಗಳೂ ಒಂದೇ, ಕಾರ್ಖಾನೆಯಿಂದ ಒಂದೇ ಥರ ಬರುತ್ತವೆ ಎಂದು ಎರಡು ಸಲ ಹೇಳಿದ. ಕಾಕಾ ತಲೆಯಾಡಿಸಿ, ಗೋಡೆ ಬದಿಯ ಕಪ್ಪು ಗಾಡಿಯ ಹತ್ತಿರ ಹೋಗಿ ನಿಂತರು. "ಇದು ನಿಂತ ನಿಲುವು ಛಲೋ ಐತಿ." ಆ ಮೇಲೆ ಹೆಗಲಿನಿಂದ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಹರವಿಕೊಂಡು, "ಕೈ ಕೊಡ್ರಿ" ಅಂದರು.

ಮ್ಯಾನೇಜರ್ ಗಾಬರಿಯಿಂದ ನಮ್ಮ ಮುಖ ನೋಡಿದ. "ಬಾಯಿಲೇ ಹೇಳ್ರಲಾ ಅಜ್ಜಾರ."

"ಬಾಯಿಲೇ ಹ್ಯಾಂಗ ಹೇಳೂದ್ರಿ? ಇಷ್ಟ ಮಂದಿ ಮುಂದ ನೀವು ಇಳದ್ರ ಆ ಮೂಲ್ಯಾಗ ನಿಂತವಂಗೂ ಇಳೀಬೇಕಾಕ್ಕೈತಿ. ನಾ ಏರಿದ್ರ ಈ ಮುದುಕನ್ನ ಯಾಕ ಕರಕೊಂಡ ಬಂದ್ನೆಪಾ ಅಂತ ಇವ ಅಂತಾನ. ಒಳಗ ಆದ್ರ ನಿಮ್ಮ ಮರ್ಯಾದಿನೂ ಉಳೀತೈತಿ, ನಂದೂ ಉಳೀತೈತಿ."

ಅವನಿಗೆ ನಗು ಬಂತು. ಕೈ ಕೊಟ್ಟ. ಕಾಕಾ ಮೊದಲು ಲೆಕ್ಕ ಕಲಿಸಿದರು: ಬೋರ್ಡಿನ ಬೆಲೆಯಿಂದ ಇಳಿಸುವುದು ಬೆರಳಿಗೆ ನೂರು, ಮುಷ್ಟಿಗೆ ಸಾವಿರ. ಅಷ್ಟು ಮಾತ್ರ ಬಾಯಲ್ಲಿ. ಆಮೇಲೆ ಟವೆಲ್ ಅಲುಗತೊಡಗಿತು. ಮ್ಯಾನೇಜರ್ ಒಮ್ಮೆ ಹುಬ್ಬೇರಿಸಿದ, ಒಮ್ಮೆ "ಆಗೂದಿಲ್ರಿ" ಎಂದ, ಒಮ್ಮೆ ಕೈ ಎಳೆದುಕೊಳ್ಳಲು ನೋಡಿದ. ಕಾಕಾ ಬಿಡಲಿಲ್ಲ, ಬೇರೆ ಕಡೆ ನೋಡುತ್ತ, ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿರುವವರ ಹಾಗೆ ನಿಂತಿದ್ದರು. ಕೊನೆಗೆ ಟವೆಲ್ ನಿಂತಿತು. ಇಬ್ಬರ ಮುಖವೂ ತಣ್ಣಗಿತ್ತು.

"ಎಷ್ಟಕ್ಕಾತ್ರಿ?" ಎಂದು ನಾನು ಪಿಸುಗುಟ್ಟಿದೆ.

"ನಿನ್ನ ಗಂಟಿನ್ಯಾಗ ಕೂಡ್ತೈತಿ ಬಿಡ ಯವ್ವಾ."

ಸಂಚಕಾರದ ದುಡ್ಡು ಕೊಟ್ಟೆವು. ಮುಂಗಡ ಬಂತು ಎಂದಷ್ಟೇ ಬರೆದ ರಸೀದಿ ಕೊಟ್ಟರು. ಕಾಕಾ ಅಂಗಿಯ ಕಿಸೆಯಿಂದ ಕಪ್ಪು ಉಣ್ಣೆ ದಾರ ತೆಗೆದು ಆ ಗಾಡಿಯ ಹ್ಯಾಂಡಲ್ಲಿನ ಬುಡಕ್ಕೆ ಕಟ್ಟಿದರು. ಸಂತೆಯಲ್ಲಿ ಸಂಚಕಾರ ಕೊಟ್ಟ ಎತ್ತಿನ ಕೊರಳಿಗೆ ಹಾಗೆ ದಾರ ಕಟ್ಟಿದರೆ ಬೇರೆ ಯಾರೂ ಅದರ ಬೆಲೆ ಕೇಳುವುದಿಲ್ಲವಂತೆ. "ಮಾರಾವ ತನ್ನ ದಾರ ತಾನ ಬಿಚ್ಚಿಕೋಬೇಕು, ಕೊಂಡಾವ ತನ್ನ ದಾರ ತಾನ ಕಟ್ಟಬೇಕು" ಎಂದು ಮಗಳಿಗೆ ಹೇಳುವ ಹಾಗೆ ನನಗೆ ವಿವರಿಸಿದರು.

ಮುಂದಿನ ವಾರ ದುಡ್ಡಿನ ಗಂಟು ಕಟ್ಟಿಕೊಂಡು, ಮಗಳನ್ನೂ ಎತ್ತಿಕೊಂಡು ಹೋದೆವು. ಗಾಡಿ ಅಲ್ಲೇ ಇತ್ತು, ದಾರ ಅಲ್ಲೇ ಇತ್ತು. ಮ್ಯಾನೇಜರ್ ಇರಲಿಲ್ಲ. ಹಾವೇರಿಗೆ ಹೋಗಿದ್ದಾನೆ ಎಂದರು. ಗಲ್ಲೆಯ ಮೇಲೆ ಮಾಲಕರೇ ಕೂತಿದ್ದರು: ಬಿಳಿ ಅಂಗಿ, ಬಿಳಿ ಧೋತರ, ವಯಸ್ಸಾದವರು. ರಸೀದಿ ನೋಡಿ ಬೋರ್ಡಿನ ಬೆಲೆಯನ್ನೇ ಹೇಳಿದರು.

ನಮ್ಮವರು ಟವೆಲ್ಲಿನ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದೇನು ದನದ ಸಂತಿ ಏನ್ರಿ? ರೊಕ್ಕದ ಮಾತು ಕಾಗದದಾಗ ಇರಬೇಕು, ಇಲ್ಲಾ ನಾಕ ಮಂದಿ ಕಿವ್ಯಾಗ ಇರಬೇಕು. ಯಾರ ಕೇಳ್ಯಾರ ನಿಮ್ಮ ರೇಟು?"

ಯಾರೂ ಕೇಳಿರಲಿಲ್ಲ. ಅದೇ ತಾನೇ ಟವೆಲ್ಲಿನ ಕೆಲಸ! ನಾನು ಕೂಡ ಕೇಳಿರಲಿಲ್ಲ, ಅಲ್ಲೇ ಒಂದು ಮಾರು ದೂರ ನಿಂತಿದ್ದರೂ.

"ಸಂತ್ಯಾಗ ಆಗಿದ್ರ ಇಷ್ಟೊತ್ತಿಗೆ ನಾ ಎತ್ತು ಹೊಡಕೊಂಡ ಊರ ಮುಟ್ಟತಿದ್ನಿ ಸಾವಕಾರ್ರ. ಕೈ ಕೊಟ್ಟಾವ ಬರಲಿ, ಕುಂತಿರತೇವಿ" ಎಂದು ಕಾಕಾ ಗಾಡಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

ಮಾಲಕರು ಫೋನ್ ಮಾಡಿಸಿದರು. ಅವನು ಬರುವುದು ಸಂಜೆಯಾಗುತ್ತದೆ ಎಂದು ತಿಳಿಯಿತು. ನಮ್ಮವರು ಕಾಕಾನನ್ನು ಹೊರಗೆ ಕರೆದು, ದನಿ ಇಳಿಸಿಯೇ ಆದರೂ ಬಿರುಸಾಗಿ, "ಬಾಯಿಲೇ ಮಾತಾಡಿದ್ರ ಇಷ್ಟ ಆಕ್ಕಿರಲಿಲ್ಲ ಕಾಕಾ. ಆ ಹುಡುಗ ನೌಕರಿ ಮಾಡಾವ. ಮಾಲಕರ ಎದುರು ಇಷ್ಟ ಇಳಿಸೇನಿ ಅಂತ ಯಾಕ ಒಪ್ಪತಾನ? ಸಂಚಕಾರ ತಿರುಗಿ ಇಸಕೊಂಡ ಹೋಗೂಣ" ಅಂದರು. ಕಾಕಾ ಮೆಟ್ಟಿಲ ಮೇಲೆ ಕೂತರು. ಟವೆಲ್ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡರು. ಅವರ ಕೈಯನ್ನು ನಾನು ಅಂದೇ ಸರಿಯಾಗಿ ನೋಡಿದ್ದು... ದೊಡ್ಡ ಕೈ. ಬೆರಳುಗಳು ಸುಮ್ಮನೆ ಇದ್ದಲ್ಲೇ ಮಡಚಿ ಬಿಚ್ಚುತ್ತಿದ್ದವು.

ಮಧ್ಯಾಹ್ನ ನಾನು ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಶೋರೂಮಿನ ಮೆಟ್ಟಿಲ ಮೇಲೆ ಕೂತು ತಿಂದೆವು. ಮಗಳು ಗಾಡಿಯ ಮೇಲೆ ಹತ್ತಿ, ದಾರದ ತುದಿ ಹಿಡಿದು "ಹೈ ಹೈ" ಎಂದು ಹೊಡೆಯುತ್ತಿತ್ತು. ನಮ್ಮವರು ಅದನ್ನೇ ನೋಡುತ್ತ ನಿಂತಿದ್ದರು. ಇನ್ನೊಂದು ವರ್ಷ ಅಂಡಿಗೆಯ ಮೇಲೆ ಮಲಗುವುದು ಅವರ ಕಣ್ಣ ಮುಂದೆ ಬಂದಿರಬೇಕು. ನನಗಂತೂ ಬಂದಿತ್ತು.

ಇಳಿಹೊತ್ತಿಗೆ ಮ್ಯಾನೇಜರ್ ಬಂದ. ಮಾಲಕರು ಎಲ್ಲರ ಎದುರೇ, "ಎಷ್ಟಕ್ಕ ಕೊಟ್ಟೀಯೋ ತಮ್ಮಾ?" ಎಂದು ಕೇಳಿದರು. ಅವನ ಮುಖ ಕೆಂಪಾಯಿತು. ಅಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು, ಕೆಲಸದವರಿದ್ದರು. ಟೈ ಸರಿಮಾಡಿಕೊಂಡ. ಇವನು ಇಲ್ಲ ಅನ್ನುತ್ತಾನೆ ಎಂದೇ ನಾನು ಅಂದುಕೊಂಡೆ.

ಅಷ್ಟರಲ್ಲಿ ಕಾಕಾ ಎದ್ದರು. "ತಡೀರಿ ಸಾವಕಾರ್ರ. ಹಿಂಗ ಕೇಳಿದ್ರ ಅವ ಪಾಪ ಏನ ಹೇಳ್ಯಾನು? ನಿಮ್ಮ ಎರಡೂ ಕೈ ಕೊಡ್ರಿ. ಒಂದು ನಾ ಹಿಡೀತೇನಿ, ಒಂದು ಅವ ಹಿಡೀಲಿ. ಎರಡೂ ಒಂದ ಆದ್ರ ಗಾಡಿ ನಮ್ಮದು. ಬ್ಯಾರೆ ಬ್ಯಾರೆ ಆದ್ರ ನಾ ಸುಳ್ಳ. ಸಂಚಕಾರನೂ ನಿಮಗ ಬಿಟ್ಟ ಹೊಕ್ಕೇನಿ."

ನಮ್ಮವರು ನನ್ನ ಮುಖ ನೋಡಿದರು. ಸಂಚಕಾರದ ದುಡ್ಡು ನಮ್ಮದು! ನಾನು ಮಾತಾಡಬೇಡಿ ಎಂದು ಕಣ್ಣಲ್ಲೇ ಹೇಳಿದೆ. ಯಾಕೆ ಹಾಗೆ ಹೇಳಿದೆನೋ, ಇಂದಿಗೂ ಗೊತ್ತಿಲ್ಲ.

ಮಾಲಕರು ಕಾಕಾನ ಟವೆಲ್ ನೋಡಿದರು. ಆಮೇಲೆ, "ನಮ್ಮಪ್ಪನ ಕೂಡ ಸಂತಿಗೆ ಹೋದಾಗ ನೋಡಿದ್ದು, ಬಾಳ ವರ್ಷ ಆತು" ಎನ್ನುತ್ತ ಗಲ್ಲೆಯಿಂದ ಎದ್ದು ಬಂದು ಎರಡೂ ಕೈ ಚಾಚಿದರು. ಕಾಕಾ ಮೇಲೆ ಟವೆಲ್ ಹಾಸಿದರು. ಮ್ಯಾನೇಜರ್ ಅತ್ತ, ಕಾಕಾ ಇತ್ತ. ಶೋರೂಮಿನಲ್ಲಿ ಫ್ಯಾನಿನ ಸದ್ದೊಂದೇ. ಟವೆಲ್ ಎರಡೂ ಬದಿಗೆ ಒಂದಿಷ್ಟು ಅಲುಗಿ ನಿಂತಿತು.

ಮಾಲಕರು ಮ್ಯಾನೇಜರನ ಮುಖ ನೋಡಿದರು. ಕಾಕಾನ ಮುಖ ನೋಡಿದರು. ಕೈ ಹೊರಗೆ ತೆಗೆದು ಧೋತರಕ್ಕೆ ಒರೆಸಿಕೊಂಡು, "ಬಿಲ್ ಮಾಡ್ರಿ" ಅಂದರು. ಗಲ್ಲೆಗೆ ಹಿಂದಿರುಗುವಾಗ ಮ್ಯಾನೇಜರನಿಗೆ, "ಮುಂದಿನ ಸಲ ಮುಷ್ಟಿ ಹಿಡಿಯೂ ಮೊದಲ ನನ್ನ ಕೇಳು" ಎಂದರು. ಅದರಲ್ಲಿ ಸಿಟ್ಟು ಇರಲಿಲ್ಲ.

ಬಿಲ್ಲು ನನ್ನ ಗಂಟಿನೊಳಗೇ ಕೂಡಿತು. ಹೂವು, ಪೇಢೆಗೂ ಸ್ವಲ್ಪ ಉಳಿಯಿತು.

ದಲಾಲಿ ಏನು ಕೊಡಲಿ ಎಂದರೆ ಕಾಕಾ, "ಹಿಂದಿನ ಸೀಟಿನ ಮ್ಯಾಲೆ ಮೊದಲ ನಾ ಕುಂಡ್ರಾವ" ಅಂದರು. ಹಾಗಾಗಿ ನಾನೂ ಮಗಳೂ ಬಸ್ಸು ಹತ್ತಿದೆವು. ಮೋಟೆಬೆನ್ನೂರಿನ ಹತ್ತಿರ ನಮ್ಮ ಬಸ್ಸನ್ನು ಒಂದು ಹೊಸ ಗಾಡಿ ಹಿಂದೆ ಹಾಕಿತು. ಹಿಂದಿನ ಸೀಟಿನಲ್ಲಿ ಕಾಕಾ, ನಮ್ಮವರ ಸೊಂಟ ಅವುಚಿ ಹಿಡಿದಿದ್ದರು. ಕೊರಳಿಗೆ ಸುತ್ತಿದ ಕೆಂಪಂಚಿನ ಟವೆಲ್ ಗಾಳಿಗೆ ಪಟಪಟ ಹಾರುತ್ತಿತ್ತು. ಮಗಳು ಕಿಟಕಿಯಿಂದ ಕೈ ಮಾಡಿ ಬಸ್ಸೆಲ್ಲ ಕೇಳುವಂತೆ, "ಅಪ್ಪಾ" ಎಂದು ಕೂಗಿತು.

ಆಮೇಲೆ ನಮ್ಮವರು ದಿನಾ ಮನೆಗೆ ಬರತೊಡಗಿದರು. ಗಾಡಿ ಓಣಿ ತಿರುಗುವ ಸದ್ದಿಗೆ ನಾನು ಒಲೆಯ ಮೇಲೆ ಹಂಚು ಇಡುತ್ತಿದ್ದೆ. ಮಗಳು ಬಾಗಿಲಿಗೆ ಓಡುತ್ತಿತ್ತು. ಮೊದಲ ಸಲ ಎಷ್ಟರಿಂದ ಶುರುಮಾಡಿದಿರಿ, ಅವನು ಎಷ್ಟು ಅಂದಿದ್ದ ಎಂದು ಕಾಕಾನನ್ನು ಎಷ್ಟೋ ಸಲ ಕೇಳಿದೆ. "ಟವೆಲ್ ಕೆಳಗಿಂದು ಟವೆಲ್ ಕೆಳಗ ಇರಲೆವ್ವಾ" ಎಂದು ನಗುತ್ತಿದ್ದರು, ಅಷ್ಟೇ. ಮಗಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಕಾಕಾ ತೀರಿಕೊಂಡರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಕಟ್ಟೆ ಮಾತ್ರ ಉಳಿದಿದೆ. ಅದರ ಮೇಲೆ ಕೂರುವವರು ಬೀದಿಯನ್ನು ನೋಡುವುದಿಲ್ಲ, ಕೈಯೊಳಗಿನ ಫೋನ್ ನೋಡುತ್ತಾರೆ...

ಹಾಲಿನವರು ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ತಮ್ಮ ಬೆಲೆ ಹೇಳಿದರು. ನಮ್ಮವರು ಸ್ವಲ್ಪ ಏರಿಸಿದರು, ಅವರು ಸ್ವಲ್ಪ ಏರಿದರು. ಮುಗಿಯಿತು. ಒಳ್ಳೆಯ ಬೆಲೆಯೇ. ಗಾಡಿ ದಿನಾ ಬೆಳಗ್ಗೆ ಹಾಲು ಹೊತ್ತು ಹೋಗಿ ಮನೆಗೆ ಬರುತ್ತದಲ್ಲ ಎಂದು ನನಗೂ ಸಮಾಧಾನವಾಯಿತು.

ಮೆಕ್ಯಾನಿಕ್ ಬ್ಲೇಡು ತೆಗೆದ. "ಕೊಯ್ಯಬ್ಯಾಡಪಾ, ಮಾರಿದವರು ನಾವು, ನಾವ ಬಿಚ್ಚಿಕೋಬೇಕು" ಎಂದು ಹೊಲಿಗೆ ಮಷಿನ್ನಿನ ಡಬ್ಬಿಯಿಂದ ದಬ್ಬಣ ತಂದೆ. ಗಂಟು ಬಿಡಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವರು ಪಾಪ ಕಾದರು.

ಗಾಡಿ ಓಣಿ ತಿರುಗಿ ಹೋಯಿತು. ಸದ್ದು ಅದೇ, ಈ ಸಲ ದೂರವಾಗುತ್ತಿತ್ತು. ಎಷ್ಟಕ್ಕೆ ಹೋಯಿತೆಂದು ಕಾಕಾ ಇದ್ದಿದ್ದರೆ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಗೋಡೆಯ ಮೇಲಿಂದ ಕೈ ಚಾಚುತ್ತಿದ್ದರು. ದಾರ ಹಿಡಿದ ನನ್ನ ಕೈ ಸೆರಗಿನ ಕೆಳಗಿತ್ತು. ಮುಷ್ಟಿ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ, ಹೀಗೆ ಹನ್ನೆರಡು ಸಲ. ಆಮೇಲೆ ಮೂರು ಬೆರಳು. ಲೆಕ್ಕ ಸರಿಯಾಗೇ ಬಂತು. ಒತ್ತುವುದಕ್ಕೆ ಆಚೆ ಕೈ ಇರಲಿಲ್ಲ.