ಕರಿ ಹಲ್ಲಿನಾಕೆಗೂ ಒಂದು ತಾಟು

2019ರ ಮಾರ್ಚ್ 9, ಶನಿವಾರ. ಆಧಾರ: ನನ್ನ ದಿನಚರಿ, ವಾರವನ್ನು ಆ ವರ್ಷದ ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ. ಅಂದು ಮಧ್ಯಾಹ್ನ, ಅಥಣಿಯ ನಮ್ಮ ಪಕ್ಕದ ಮನೆಯ ಹಿರಿಯಾಕೆ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಬಾಯಿಗೆ ಮುಚ್ಚಿದ್ದ ಸೆರಗು ಸರಿಸಿ ನಕ್ಕರು. ಅದಕ್ಕೆ ಮೊದಲು ಆ ಬಾಯಲ್ಲಿ ನಾನು ಕಂಡಿದ್ದುದು ಹುಣಸೆ ಬೀಜ ಪೋಣಿಸಿದಂಥ ಸಾಲನ್ನು: ನುಣುಪು, ಕಂದುಗಪ್ಪು, ಒಂದಿಷ್ಟು ಹೊಳಪು.

ಅವರ ತವರು ನಿಪ್ಪಾಣಿ. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವಂತೆ ಹುರಿದು ಪುಡಿ ಮಾಡಿದ ಮಿಶ್ರಿಯಿಂದ ಹಲ್ಲು ತಿಕ್ಕುವುದು ಅಲ್ಲಿನ ಹೆಂಗಸರ ರೂಢಿ. ಚೊಚ್ಚಲ ಹೆರಿಗೆಗೆ ಹೋದಾಗ ಹಲ್ಲುನೋವಿಗೆಂದು ಹಿಡಿದ ಚಟವನ್ನು ಕಾಕು ಮುಪ್ಪಿನವರೆಗೂ ಬಿಟ್ಟಿರಲಿಲ್ಲ. "ಹಲ್ಲು ಬಿಟ್ಟೇನು, ಮಿಶ್ರಿ ಬಿಡೂದಿಲ್ರಿ ಬಾಯಾರ" ಎಂದು ನಗುತ್ತಿದ್ದರು. ನಾಲ್ಕಕ್ಷರ ಓದಿದ ಹೆಂಗಸೆಂಬ ಕಾರಣಕ್ಕೆ ಓಣಿಗೆಲ್ಲ ನಾನು ಬಾಯಾರು.

ಅವರ ಗಂಡನನ್ನು ನಾವು ಕಾಕಾ ಎನ್ನುತ್ತಿದ್ದೆವು. ಹಳೆಯ ಪದ್ಧತಿಯ ಕಾಕಾ ಹೆಂಡತಿಯ ಹೆಸರನ್ನು ಎಂದೂ ಉಚ್ಚರಿಸಿದವರಲ್ಲ, "ಕೇಳ್ತೇನ?" ಎಂದರೆ ಕಾಕು "ಹಾಂ" ಎನ್ನುವರು, ಅಷ್ಟೇ. ಮರೆವಿನ ಕಾಯಿಲೆ ಬಂದಾಗ ಹಿಡಿದುಕೊಳ್ಳಲು ಅವರ ನಾಲಗೆಯಲ್ಲಿ ಹೆಸರೇ ಇರಲಿಲ್ಲ. ಆ ಚಳಿಗಾಲದ ಒಂದು ಬೆಳಿಗ್ಗೆ, ತುತ್ತು ಹಿಡಿದು ನಿಂತ ಕಾಕುವನ್ನು ದಿಟ್ಟಿಸಿ ಕೇಳಿದರು: "ನೀವ್ಯಾರ್ರಿ? ನಮ್ಮಾಕಿ ಹಲ್ಲು ಮಲ್ಲಿಗಿ ಮೊಗ್ಗಿದ್ದಂಗ ಅದಾವು." ಆಮೇಲೆ ಬಾಯಿ ಬಿಗಿದರು. ಬೇರೆಯವರ ಕೈತುತ್ತು ಮೊದಲೇ ಒಲ್ಲದವರು. ಈಗ ಹೆಂಡತಿಯೂ ಬೇರೆಯವಳಾದಳು. ಮೂರು ವಾರಗಳಲ್ಲಿ ಅಂಗಿ ಅವರ ಭುಜದಿಂದ ಜಾರತೊಡಗಿತು.

ಹಲ್ಲು ಬಿಳಿಯಾದರೆ ಅವರು ಉಂಡಾರು ಎಂದು ಕಾಕು ನಿರ್ಧರಿಸಿದರು. ಫೋನಿನಲ್ಲಿ ಯಾರೋ ಹೇಳಿದಂತೆ ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ ತಿಕ್ಕಿ, ತುಟಿ ಬಾತು ಕುಳಿತಿದ್ದರು.

"ಉರಿಯಾಕತ್ತೈತಿ ಅಂದ್ರ ಮದ್ದು ಹತ್ತಾಕತ್ತೈತಿ" ಎಂಬುದು ಅವರ ವಾದ. ಅಷ್ಟರಲ್ಲಿ ಅವರ ಮಗಳು ಮನೆಯಲ್ಲೇ ಹಚ್ಚಿಕೊಳ್ಳುವ ಬಿಳುಪಿನ ಮದ್ದಿನ ಡಬ್ಬಿ ಕಳಿಸಿದಳು. ಕಾಕು ಅದನ್ನು ನನ್ನ ಕೈಗಿಟ್ಟರು. "ನೀವು ಎಲ್ಲಾ ತಾಳೆ ನೋಡಾವ್ರು. ಇದನ್ನೂ ನೋಡಿ ಹೇಳ್ರಿ." ಒಳಗಿನ ಚೀಟಿಯನ್ನು ಕೊನೆಯವರೆಗೆ ಓದಿದೆ, ವಸಡಿನಲ್ಲಿ ರಕ್ತ ಬರುವವರು ಬಳಸಬಾರದೆಂದಿತ್ತು. ಡಬ್ಬಿ ಮುಚ್ಚಿ, ಅವರನ್ನು ದಂತವೈದ್ಯೆಯ ಬಳಿಗೆ ಕರೆದೊಯ್ದೆ.

"ನಿಂಬಿ, ಸೋಡಾ ಹಲ್ಲಿನ ಮ್ಯಾಲಿನ ಪದರಾನ ತಿಂತಾವ್ರಿ ಅಜ್ಜಿ" ಎಂದಳು ಆ ಹುಡುಗಿ ವೈದ್ಯೆ. "ಡಬ್ಬಿ ಮದ್ದೂ ಬ್ಯಾಡ, ವಸಡು ಸರದಾವು, ಜುಮ್ ಅಂತೈತಿ. ಮೊದಲ ಕ್ಲೀನಿಂಗ್ ಮಾಡೂಣು. ಮಿಶ್ರಿ ಕಲೆ ಮ್ಯಾಲಿಂದು, ಭಾಳಷ್ಟು ಹೋಗತೈತಿ. ಬಿಳುಪಿನ ಮಾತು ಆಮ್ಯಾಲ. ಆದ್ರ ಬಲಗಡೆ ಹಾಕಿಸಿದ ಈ ಕ್ಯಾಪ್ ಐತೆಲ್ರಿ, ಉಳದ ಹಲ್ಲಿಗೆ ಹೊಂದಲಿ ಅಂತ ಕರೀದ ಮಾಡ್ಯಾರ. ಅದು ಬಣ್ಣ ಬಿಡೂದಿಲ್ಲ."

"ಇರ್ಲಿ ಬಿಡವ್ವಾ" ಎಂದರು ಕಾಕು. "ಬಾಕಿ ಹಲ್ಲು ಅವ್ರಿಗೆ. ಅದೊಂದು ನನಗ."

ನನ್ನನ್ನು ಹೊರಗೆ ಕೂರಿಸಿದರು. ಅರ್ಧ ಗಂಟೆಯ ಮೇಲೆ ಕಾಕು ಬಾಯಿಗೆ ಸೆರಗು ಮುಚ್ಚಿಕೊಂಡು ಬಂದರು. ತೋರಿಸಿರೆಂದು ಆಟೋದಲ್ಲಿ ಕೇಳಿದ್ದಕ್ಕೆ, "ಮೊದಲ ಅವ್ರು ನೋಡ್ಲಿ" ಎಂದರು.

ಮನೆಯಲ್ಲಿ ತಾಟು ಬಡಿಸಿ, ಕಾಕಾನ ಎದುರು ಕುಳಿತು ಸೆರಗು ಸರಿಸಿದರು. ನಾನು ಬಾಗಿಲಲ್ಲಿದ್ದೆ. ಬೆಳ್ಳನೆಯ ಸಾಲು; ಬಲಗಡೆಯದೊಂದು ಮಾತ್ರ ಕಪ್ಪು. ಕಾಕಾ ಬಹಳ ಹೊತ್ತು ನೋಡಿದರು. ಆಮೇಲೆ ಮಗುವಿನಂತೆ ಬಾಯಿ ತೆರೆದರು.

ಒಂದೂವರೆ ರೊಟ್ಟಿ ಉಂಡ ಮೇಲೆ, ನಮ್ಮಿಬ್ಬರನ್ನೂ ದಾಟಿ ನೋಡುತ್ತ ಮೆಲ್ಲಗೆ ಕೇಳಿದರು: "ಆ ಕರಿ ಹಲ್ಲಿನಾಕಿ ಎಲ್ಲಿ? ಪಾಪ, ದಿನಾ ಬರ್ತಿದ್ಲು. ನಾ ಉಣ್ಣಲಿಲ್ಲಂತ ಆಕೀನೂ ಉಣ್ತಿದ್ದಿಲ್ಲ. ಆಕಿಗೂ ಒಂದು ತಾಟು ಹಚ್ಚು."

ಕಾಕು ಹಿಡಿದ ತುತ್ತನ್ನು ತಾಟಿಗಿಟ್ಟರು. ಆಮೇಲೆ ಎದ್ದು ಮೂರನೆಯ ತಾಟು ತಂದಿಟ್ಟರು.

ಅಂದಿನಿಂದ ದಿನವೂ ಮೂರು ತಾಟು. ಕಾಕಾನ ಮೈ ತುಂಬಿಕೊಂಡಿತು. ಕಾಕು ಮಾತ್ರ ನಮ್ಮೆದುರು ಸೆರಗು ಮುಚ್ಚದೆ ನಗುವುದನ್ನು ನಿಲ್ಲಿಸಿದರು. ಮಿಶ್ರಿ ಬಿಟ್ಟೆನೆಂದರು, ಆದರೂ ಊಟದ ಹೊತ್ತಿಗೆ ಆ ಸುಟ್ಟ ವಾಸನೆ ಮೂರನೆಯ ತಾಟಿನ ಕಡೆಯಿಂದಲೇ ಬರುತ್ತಿತ್ತು. "ಉಣ್ಣವಾ, ಆರತೈತಿ" ಎಂದು ಕಾಕಾ ಅತ್ತ ತಿರುಗಿ ಒತ್ತಾಯ ಮಾಡುವರು. ಒಮ್ಮೆ ಆ ತಾಟಿನ ರೊಟ್ಟಿಯ ಅಂಚು ಮುರಿದಿತ್ತು. ನಾನು ಕಾಕುವಿನ ಮುಖ ನೋಡಿದೆ.

"ನಾನಂತೂ ಮುರದಿಲ್ರಿ ಬಾಯಾರ" ಎಂದರು.

ಮರುವರ್ಷದ ಕಾರ್ತಿಕದಲ್ಲಿ ಕಾಕು ತೀರಿಕೊಂಡರು. ಪಡಸಾಲೆಯಲ್ಲಿ ಮಲಗಿಸಿದ್ದ ದೇಹದ ಬಳಿ ಕಾಕಾನನ್ನು ಕೈಹಿಡಿದು ತಂದೆವು. ಅವರು ಬಗ್ಗಿ ನೋಡಿ, ನನ್ನನ್ನು ಕೇಳಿದರು: "ಇಬ್ಬರೊಳಗ ಯಾರು ಹೋದ್ರು?" ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದ ನಾನು ಕಾಕುವಿನ ಬಾಯಿಯ ಮೇಲೆ ಸೆರಗು ಎಳೆದೆ.

ಈಚೆಗೆ ಮಗಳು ತಾಯಿಯ ಕಾಗದಪತ್ರಗಳ ಚೀಲವನ್ನು ನೋಡಿಕೊಡಿರೆಂದು ತಂದಳು. ಅದರಲ್ಲಿ ದವಾಖಾನೆಯ ಚೀಟಿಯಿತ್ತು. ಮಾರ್ಚ್ 9: "ಪರೀಕ್ಷೆ ಮಾತ್ರ. ರಕ್ತದೊತ್ತಡ ಹೆಚ್ಚಿದ್ದರಿಂದ ಕ್ಲೀನಿಂಗ್ ಮಾಡಿಲ್ಲ. ಮುಂದಿನ ಶನಿವಾರ ಬರುವುದು." ನಾನೇ ಹೋಗಿ ಅಲ್ಲಿನ ದಾಖಲೆಯೊಂದಿಗೆ ತಾಳೆ ನೋಡಿದೆ. ಮಾರ್ಚ್ 16ರ ಎದುರು "ಬರಲಿಲ್ಲ" ಎಂದಿದೆ. ಮುಂದೆ ಅವರ ಹೆಸರೇ ಇಲ್ಲ.

9ರ ಸಂಜೆಯ ದಿನಚರಿ, ನನ್ನದೇ ಕೈಬರಹ: "ಕಾಕುವಿನ ಹಲ್ಲು ಬೆಳ್ಳಗಾಗಿವೆ. ಬಲಗಡೆಯದೊಂದು ಮಾತ್ರ ಕಪ್ಪು."